ದಡದಿಂದ ಕಡಲೊಳಕ್ಕೆ

ವರುಷಕ್ಕೊಮ್ಮೆ ದೊರೆಯುವ ಬಿಡುವನ್ನು ಎಲ್ಲಿ ಕಳೆಯಬೇಕೆಂಬ ವಿಚಾರವು ನಮ್ಮ ಮನೆಯಲ್ಲಿ ಈ ಸಾರಿ ಬೊನೇರ್ ದ್ವೀಪದ ಮೇಲೆ ಬಂದು ನಿಂತಿದೆ. ವೆನೆಜುವೆಲಾ ತೀರದ ಉತ್ತರಕ್ಕೆ, ಕೆರಿಬಿಯನ್ ಕಡಲಿನಲ್ಲಿರುವ ಈ ಪುಟ್ಟ ದ್ವೀಪವು 2010ರಿಂದ ನೆದರ್ಲೆಂಡ್ಸಿನ ವಿಶೇಷ ಪೌರಾಡಳಿತಕ್ಕೆ ಸೇರಿದುದು; ಅಲ್ಲಿ ನಡೆಯುವ ನಾಣ್ಯ ಮಾತ್ರ ಅಮೆರಿಕದ ಡಾಲರು. ದೂರವೂ ಬಹಳ, ವೆಚ್ಚವೂ ಬಹಳ. ಆದರೂ ಅದನ್ನೇ ಆರಿಸಿದ ಕಾರಣವನ್ನು ವಾಚಕರು ಕೇಳಬಹುದು. ನಾವು ನೀರೊಳಗೆ ಮುಳುಗುವುದನ್ನು ಕಲಿತುದು ಮುರುಡೇಶ್ವರದ ಆಚೆಯ ನೇತ್ರಾಣಿಯಲ್ಲಿ. ಅಲ್ಲಿಗೆ ಹೋಗುವ ದೋಣಿಯ ಓಲಾಟದಿಂದ ನಮ್ಮ ಮನೆಯವರು ಪಟ್ಟ ಸಂಕಟವನ್ನು ಕಂಡವರು ಮತ್ತೆ ದೋಣಿಯ ಮಾತೆತ್ತಲಾರರು. ಬೊನೇರಿನಲ್ಲಿಯಾದರೋ ದೋಣಿಯ ಹಂಗೇ ಇಲ್ಲ.

ಗಾಳಿಯು ಅಲ್ಲಿ ಮೂಡಲಿಂದ ಬೀಸುವುದಾದಕಾರಣ ಪಡುವಣ ಕರೆಯ ನೀರು ಸಾಮಾನ್ಯವಾಗಿ ಶಾಂತವಾಗಿರುವುದು. ಹವಳದ ದಿಬ್ಬವೂ ದಡದಿಂದ ಕೂಗಳತೆಯಲ್ಲಿಯೇ ಆರಂಭವಾಗಿ ಆಳಕ್ಕೆ ಇಳಿಯುತ್ತದೆ. ರಸ್ತೆಯ ಬದಿಯಲ್ಲಿ ಹಳದಿ ಬಳಿದ ಕಲ್ಲುಗಳ ಮೇಲೆ ತಾಣದ ಹೆಸರು ಬರೆದಿದ್ದಾರೆ. ಪಿಕಪ್ಪು ವಾಹನವೊಂದನ್ನು ಬಾಡಿಗೆಗೆ ಹಿಡಿದು, ಗಾಳಿಯ ಸಿಲಿಂಡರುಗಳನ್ನು ಹೇರಿಕೊಂಡು, ಮನಸ್ಸು ಬಂದ ಕಲ್ಲಿನೆದುರು ನಿಂತು ನೀರಿಗಿಳಿಯಬಹುದು. ವಾಹನದಲ್ಲಿ ಬೆಲೆಯುಳ್ಳ ಯಾವುದನ್ನೂ ಬಿಡಬಾರದೆಂದು ಹೋಗಿಬಂದವರು ಎಚ್ಚರಿಸುತ್ತಾರೆ. ಕರೆಯೆಲ್ಲ ಮೊನಚಾದ ಹವಳಗಲ್ಲು. ದಪ್ಪ ಅಟ್ಟೆಯ ಪಾದರಕ್ಷೆಯಿಲ್ಲದೆ ಕಾಲಿಡುವಂತಿಲ್ಲ. ‘ಸಾವಿರ ಮೆಟ್ಟಿಲು’ ಎಂಬ ತಾಣದಲ್ಲಿ ಇರುವ ಮೆಟ್ಟಿಲುಗಳು ನೂರನ್ನೂ ಮುಟ್ಟವಂತೆ. ಆದರೆ 20 ಕಿಲೋಗ್ರಾಮಿನ ಹೊರೆಯನ್ನು ಬೆನ್ನಿಗೇರಿಸಿ ಹತ್ತುವವರು ಆ ಹೆಸರನ್ನು ಸುಳ್ಳೆನ್ನಲಾರರೆಂದು ತೋರುತ್ತದೆ.

ಸುತ್ತಲ ಕಡಲು 1979ರಿಂದ ಕಾಯ್ದಿಟ್ಟ ಉದ್ಯಾನ. ಮೊದಲು ಶುಲ್ಕ ತೆರಬೇಕು, ವಸತಿಯ ಬಳಿ ಒಮ್ಮೆ ಮುಳುಗಿ ತೋರಿಸಬೇಕು, ಕೈಚೀಲ ತೊಡಕೂಡದು. ಕೈಚೀಲವಿದ್ದವನು ಹವಳವನ್ನು ಹಿಡಿಯದೆ ಬಿಡನೆಂಬುದು ಅವರ ತರ್ಕ. ನಮಗೆ ಅದು ಒಪ್ಪಿತು.

1984ರಲ್ಲಿ ಮುಳುಗಿದ ಹಿಲ್ಮಾ ಹೂಕರ್ ಎಂಬ ಹಡಗು ಸುಮಾರು 30 ಮೀಟರಿನ ತಳದಲ್ಲಿ ಒರಗಿ ಮಲಗಿದೆ. ನಮ್ಮ ಮಗನ ಕಣ್ಣು ಅದರ ಮೇಲೆ. ಆ ಆಳದಲ್ಲಿ ಒತ್ತಡವು ಮೇಲಿನದಕ್ಕಿಂತ ನಾಲ್ಕು ಪಟ್ಟಾಗುವುದರಿಂದ ಸಿಲಿಂಡರಿನ ಗಾಳಿಯೂ ಅಷ್ಟೇ ಬೇಗ ತೀರುತ್ತದೆ. ರಕ್ತದಲ್ಲಿ ಕರಗುವ ಸಾರಜನಕವೂ ಹೆಚ್ಚುತ್ತದೆ. ಅದು ಮೆಲ್ಲನೆ ಹೊರಬೀಳಬೇಕು. ಬೇಗನೆ ವಿಮಾನವೇರಿದರೆ, ಒತ್ತಡ ತಗ್ಗಿ, ಮುಚ್ಚಳ ತೆಗೆದ ಸೋಡದಂತೆ ಮೈಯಲ್ಲಿ ಗುಳ್ಳೆಯೇಳುವ ಭಯವುಂಟು. ಆದಕಾರಣ ಕಡೆಯ ದಿನವನ್ನು ಪೂರ್ತಿ ನೆಲದ ಮೇಲೆಯೇ ಕಳೆಯತಕ್ಕದ್ದೆಂದು ಗೊತ್ತುಮಾಡಿದ್ದೇವೆ. ಅಂದು ತೆಂಕಣ ಉಪ್ಪಿನ ಪಾತಿಗಳ ಬಳಿ, 1850ರಲ್ಲಿ ಗುಲಾಮರಿಗಾಗಿ ಕಟ್ಟಿಸಿದ, ಆಳು ನೆಟ್ಟಗೆ ನಿಲ್ಲಲಾರದ ಗುಡಿಸಲುಗಳನ್ನು ನೋಡುವ ಯೋಚನೆ. ಅವರ ಬಿಡುಗಡೆಯಾದುದು 1863ರಲ್ಲಿ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಉಳಿದಿರುವುದೊಂದು. ನಮಗೆ 57 ತುಂಬಿತು. ರಕ್ತದ ಒತ್ತಡಕ್ಕೆ ಎರಡು ವರುಷದಿಂದ ಗುಳಿಗೆ ನಡೆದಿದೆ. ನಡಿಗೆಯ ಯಂತ್ರದ ಮೇಲೆ ಹೃದಯವನ್ನು ಪರೀಕ್ಷಿಸದೆ ಸಹಿ ಹಾಕುವುದಿಲ್ಲವೆಂದು ವೈದ್ಯರು ಹೇಳಿದ್ದಾರೆ. ಅವರು ಬೇಡವೆಂದರೆ ಮಕ್ಕಳನ್ನು ನೀರಿಗೆ ಕಳುಹಿಸಿ ತಾವಿಬ್ಬರೂ ದಡದಲ್ಲಿರೋಣವೆಂದೆವು. “ನೀವು ದಡದಲ್ಲಿರಿ, ಬಟ್ಟೆಬರೆ ನೋಡಿಕೊಳ್ಳಿ. ದೋಣಿಯಿಲ್ಲದ ಕಡಲು ನನಗೆ ಮತ್ತೆಲ್ಲಿ ಸಿಕ್ಕೀತು?” ಎಂದರು ಮನೆಯವರು. ಪರೀಕ್ಷೆ ಬರುವ ಗುರುವಾರ. ಟಿಕೇಟಿನ ಹಣವನ್ನು ಅಲ್ಲಿಯವರೆಗೆ ಕಟ್ಟಿಲ್ಲ. ದಪ್ಪ ಅಟ್ಟೆಯ ಪಾದರಕ್ಷೆಗಳು ಮಾತ್ರ ನಾಲ್ಕು ಜೊತೆ ಬಂದಿವೆ.