ಜೋಗುಪಾಳ್ಯವೂ ಕುಜನ ಪಾಳ್ಯವೂ

ಹಲಸೂರಿನ ಕೆರೆಗೆ ಸಮೀಪದಲ್ಲಿ, ಇಂದಿರಾನಗರದ ಪಶ್ಚಿಮದ ಅಂಚಿಗೆ ಜೋಗುಪಾಳ್ಯವೆಂಬ ಇಕ್ಕಟ್ಟಾದ ನೆಲೆಯೊಂದಿದೆ. ಪಾಳ್ಯವೆಂದರೆ ಬೀಡುಬಿಟ್ಟ ಜನರ ಸ್ಥಾನ. ಬಂದವರು ಮೊದಲು ನೀರನ್ನು ನೋಡಿ ನೆಲೆ ನಿಲ್ಲುವುದು ಲೋಕರೂಢಿ. ಇಂದಾದರೋ ಈ ಊರು ಸುಮಾರು 100 ಕಿಲೋಮೀಟರು ದೂರದ ಕಾವೇರಿಯನ್ನು ಯಂತ್ರಬಲದಿಂದ ಮೇಲೆತ್ತಿ ತಂದು ಕುಡಿಯುತ್ತಿದೆ. ಗಾಳಿಯೊಂದು ಮಾತ್ರ ಬಿಟ್ಟಿಯಾಗಿ ದೊರೆಯುವುದರಿಂದ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಲ್ಲಿಂದ ಪೂರ್ವಕ್ಕೆ ಕೆಲವು ಮೈಲಿ ನಡೆದರೆ ವಿಮಾನಪುರ. ಗಗನಯಾತ್ರಿಗಳ ದೇಹದಾರ್ಢ್ಯವನ್ನು ಪರೀಕ್ಷಿಸುವ ವಾಯುಪಡೆಯ ವೈದ್ಯಸಂಸ್ಥೆಯೂ, 2013ರಲ್ಲಿ ಹೊರಟು 2014ರ ಸೆಪ್ಟೆಂಬರ್ 24ರಂದು ಕುಜನ ಕಕ್ಷೆಯನ್ನು ಸೇರಿದ ಮಂಗಳಯಾನವನ್ನು ನಿರ್ಮಿಸಿದ ಉಪಗ್ರಹಕೇಂದ್ರವೂ ಅಲ್ಲಿವೆ. ಆದುದರಿಂದ ಕುಜನಲ್ಲಿ ಪಾಳ್ಯವನ್ನು ಕಟ್ಟುವ ಮಾತು ನಮ್ಮ ನೆರೆಯವರ ಮಾತೇ ಸರಿ.

ಆ ಪಾಳ್ಯದ ಬಾಳು ಹೇಗಿದ್ದೀತು? ಪ್ರಯಾಣಕ್ಕೆ ಆರೇಳು ತಿಂಗಳು ಬೇಕು. ಅನುಕೂಲವಾದ ಕಾಲವು 26 ತಿಂಗಳಿಗೊಮ್ಮೆ ಬರುವುದು. ದಿನವು ನಮ್ಮದಕ್ಕಿಂತ ಸುಮಾರು 40 ನಿಮಿಷ ಹೆಚ್ಚು. ವರ್ಷಕ್ಕೆ ನಮ್ಮ 687 ದಿನಗಳು. ಗಾಳಿಯ ಒತ್ತಡವು ಇಲ್ಲಿಯದರ ನೂರರಲ್ಲೊಂದು ಪಾಲೂ ಇಲ್ಲ. ಮಗನು ಅಲ್ಲಿಂದ “ಅಮ್ಮಾ” ಎಂದರೆ ಗ್ರಹಗಳು ದೂರವಾಗಿರುವಾಗ ಆ ಮಾತು ತಾಯಿಯ ಕಿವಿಗೆ ಬೀಳಲು 20 ನಿಮಿಷಕ್ಕೂ ಹೆಚ್ಚು ಹಿಡಿಯುವುದು. ಅವಳ ಉತ್ತರಕ್ಕೆ ಮತ್ತಷ್ಟೇ ಕಾಲ.

ಮನೆಗೂ ಅನ್ನಕ್ಕೂ ನಮ್ಮ ನಾಡಿನವರೇ ಯತ್ನಿಸುತ್ತಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕುಜನ ಮಣ್ಣನ್ನು ಹೋಲುವ ಕೃತಕ ಮಣ್ಣಿಗೆ ಗೋರಿಕಾಯಿಬೀಜದ ಗೋಂದು, ಯೂರಿಯಾ, ಸೂಕ್ಷ್ಮಜೀವಿಗಳನ್ನು ಬೆರೆಸಿ ಇಟ್ಟಿಗೆಯನ್ನು ಮಾಡಿ 2022ರಲ್ಲಿ ಪ್ರಕಟಿಸಿದರು. 2025ರಲ್ಲಿ ಶುಭಾಂಶು ಶುಕ್ಲರು ಅಂತರಿಕ್ಷ ನಿಲ್ದಾಣದಲ್ಲಿ ಹೆಸರುಕಾಳು, ಮೆಂತ್ಯಗಳನ್ನು ಮೊಳಕೆಯೊಡೆಯಿಸಿದರು. ಆ ಪ್ರಯೋಗವು ಧಾರವಾಡದ್ದು. ನಮ್ಮ ಗೃಹಿಣಿಯರು ಒದ್ದೆ ಬಟ್ಟೆಯಲ್ಲಿ ಕಟ್ಟಿಡುವ ಕಾಳೇ ಅಲ್ಲಿಯೂ ಮೊದಲ ಪೈರು!

ಆದರೆ ಗಾಳಿ? 1991ರಲ್ಲಿ ಅಮೆರಿಕೆಯ ಅರಿಜೋನಾದಲ್ಲಿ ಎಂಟು ಮಂದಿ, 3 ಎಕರೆಗೂ ಮಿಕ್ಕ ಗಾಜಿನ ಮನೆಯೊಳಗೆ ಹೊಲ ತೋಟಗಳೊಡನೆ ಎರಡು ವರ್ಷ ಬಾಗಿಲಿಕ್ಕಿಕೊಂಡು ಬಾಳಲು ಹೊರಟರು. ಫಲವತ್ತಾದ ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಹೀರಿದವು. ಅವು ಹೊರಬಿಟ್ಟ ಅನಿಲವನ್ನು ಗಿಡಗಳಿಗೆ ಉಳಿಸದೆ ಕಾಂಕ್ರೀಟು ನುಂಗಿತು. ನೂರಕ್ಕೆ 21ರಷ್ಟಿದ್ದ ಆಮ್ಲಜನಕವು 14ರ ಸಮೀಪಕ್ಕಿಳಿದು ಜನರು ಏದುಸಿರುಬಿಟ್ಟರು. ಕಡೆಗೆ 1993ರಲ್ಲಿ ಹೊರಗಿನಿಂದ ಆಮ್ಲಜನಕವನ್ನು ತುಂಬಬೇಕಾಯಿತು. ಇಲ್ಲಿ ಹೊರಗೆಂಬುದೊಂದಿತ್ತು, ಬದುಕಿದರು. ಕುಜನಲ್ಲಿ ಹೊರಗಿನಿಂದ ಕೊಡುವವರಾರು?

‘ಕು’ ಎಂದರೆ ಭೂಮಿ. ಕುಜನೆಂದರೆ ಭೂಮಿಯ ಮಗ. ಮಗನ ಮನೆಯನ್ನು ನೋಡಿಬರುವ ಸಾಹಸಿಗಳು ಹೋಗಲಿ, ನಮ್ಮ ಆಶೀರ್ವಾದವಿದೆ. ಎಳೆಯ ಮಕ್ಕಳೊಡನೆ ಸಂಸಾರ ಹೂಡುವವರು ಮಾತ್ರ, ಮುಚ್ಚಿದ ಬಾಗಿಲೊಳಗೆ ಗಾಳಿಯನ್ನು ಕಾಯ್ದುಕೊಳ್ಳುವ ವಿದ್ಯೆ ಕೈಗೂಡುವವರೆಗೆ ತಾಯಿಯ ಮನೆಯಲ್ಲಿಯೇ ಇರತಕ್ಕದ್ದೆಂದು ನಮ್ಮ ಮತ. ಆ ವಿದ್ಯೆಯ ಮೊದಲ ಪಾಠಕ್ಕೆ ಹಲಸೂರಿನ ಕೆರೆಯೂ ಅದರ ದಡದ ಮರಗಳೂ ಸಾಕು.