ಮಗಳ ಮನೆಯ ದಾರಿ

“ಮಗಳ ಮನಿಗೆ ಹೊಂಟೀವಿ. ಬರಿಗೈಲೆ ಹೋಗ್ತಾರೇನವಾ?”

ಚೀಲ ಹೆಗಲಿಗೇರಿಸಿ ನಿಂತವಳನ್ನು ಪಕ್ಕದ ಮನೆಯ ಆಯಿ ಹೀಗೆ ಕೇಳಿದಾಗ ನನಗೆ ಮಾತು ಹೊರಡಲಿಲ್ಲ. ಒಳಗೆ ಹೋಗಿ ಟ್ರಂಕು ತೆರೆದೆ. ಪಂಚಮಿಗೆಂದು ತಂದಿಟ್ಟ ಹಸಿರು ಸೀರೆ ಮಡಿಕೆ ಬಿಚ್ಚದೆ ಹಾಗೇ ಇತ್ತು. ಪಂಚಮಿಗೆ ಮಗಳು ತವರಿಗೆ ಬರುವವಳಿದ್ದಳು, ಜೋಕಾಲಿ ಕಟ್ಟಿಸಿಡು ಎಂದು ಫೋನಿನಲ್ಲಿ ಹೇಳಿದ್ದಳು. ಹಬ್ಬಕ್ಕೆ ಇನ್ನೂ ಹದಿನೈದು ದಿನ ಇರುವಾಗ ಡೆಂಗಿ ಜ್ವರ ಅವಳನ್ನು ಒಯ್ದಿತು. ಆ ಸೀರೆಯನ್ನು ಬೇರೆಯವರಿಗೆ ಕೊಡಲು ಮನಸ್ಸು ಬರಲಿಲ್ಲ, ನಾನು ಉಡುವ ಮಾತಂತೂ ದೂರ. ಅವತ್ತು ಅದನ್ನು ತೆಗೆದು, ಹಿಂದೆಮುಂದೆ ಯೋಚಿಸದೆ ಚೀಲದಲ್ಲಿ ಇಟ್ಟುಕೊಂಡೆ.

ನಮ್ಮ ಇಳಕಲ್ಲಿನ ಕಡೆಯವರಿಗೆ ಶ್ರೀಶೈಲದ ಭ್ರಮರಾಂಬೆ ಮನೆಮಗಳು, ಮಲ್ಲಯ್ಯ ಅಳಿಯ. ಯುಗಾದಿ ಬಂತೆಂದರೆ ಬೆಳಗಾವಿ, ವಿಜಯಪುರ, ಬಾಗಲಕೋಟೆ, ರಾಯಚೂರು ಜಿಲ್ಲೆಗಳ ಸಾವಿರ ಸಾವಿರ ಮಂದಿ ಕಂಬಿ ಹೊತ್ತು ಅವಳಲ್ಲಿಗೆ ನಡೆಯುತ್ತಾರೆ. ಸೀರೆ, ಬಳೆ, ಅರಿಷಿಣ, ಕುಂಕುಮ ಜತೆಗೆ ಹೋಗುತ್ತವೆ. 2023ರಲ್ಲಿ ಯುಗಾದಿ ಮಾರ್ಚ್ 22ಕ್ಕೆ ಇತ್ತು. ನಾವು 9ಕ್ಕೆ ಹೊರಟೆವು.

ಮೊದಲ ನಾಲ್ಕು ದಿನ ನೆನಪಿರುವುದು ಕಾಲಿನ ಉರಿ ಒಂದೇ. ನಸುಕಿನ ಮೂರಕ್ಕೆ ಎದ್ದು ನಡೆಯುವುದು, ಬಿಸಿಲೇರಿದ ಮೇಲೆ ಬೇವಿನ ನೆರಳಿಗೆ ಬೀಳುವುದು, ಸಂಜೆ ಮತ್ತೆ ಏಳುವುದು. ಲಿಂಗಸುಗೂರು ದಾಟಿತು, ರಾಯಚೂರು ದಾಟಿತು. ತುಂಗಭದ್ರೆಯ ಸೇತುವೆ ದಾಟಿದ ಮೇಲೆ ಅಂಗಡಿಯ ಬೋರ್ಡುಗಳು ತೆಲುಗಾದವು. ಆದರೆ ದಾಸೋಹ ನಿಲ್ಲಲಿಲ್ಲ. ಒಂದು ಕಡೆ ಮಜ್ಜಿಗೆ, ಇನ್ನೊಂದು ಕಡೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಎಮ್ಮಿಗನೂರು ದಾಟಿದ ಮೇಲೆ ಒಂದು ಚಪ್ಪರದಲ್ಲಿ, ನನ್ನ ತಂದೆಯ ವಯಸ್ಸಿನವರೊಬ್ಬರು ನನ್ನ ಕಾಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಹಿಮ್ಮಡಿಯ ಬೊಬ್ಬೆಗೆ ಸೂಜಿ ಚುಚ್ಚಿ, ಈ ಬದಿಯಿಂದ ಆ ಬದಿಗೆ ಬಿಳಿ ದಾರ ಎಳೆದು, ಎರಡೂ ತುದಿ ಹೊರಗೆ ಉಳಿಸಿ ಕತ್ತರಿಸಿದರು. ದಾರದ ಗುಂಟ ನೀರು ತಾನೇ ಹನಿಹನಿಯಾಗಿ ಇಳಿಯಿತು. ಚರ್ಮ ಕೀಳಬಾರದು, ಒಳಗಿನದು ಹಸಿ ಇರುತ್ತದೆ ಎಂದು ಸನ್ನೆಯಲ್ಲೇ ತಿಳಿಸಿ, ಕೊಬ್ಬರಿ ಎಣ್ಣೆ ಹಚ್ಚಿ, ನಾನು ಕೈಮುಗಿಯುವ ಮೊದಲೇ ನನಗೆ ಕೈಮುಗಿದರು. ಮನೆಯಲ್ಲಿ ಎಂಟು ತಿಂಗಳಿಂದ ಯಾರನ್ನೂ ಹತ್ತಿರ ಬರಗೊಡದ ನಾನು ಅವರ ಮುಂದೆ ಸುಮ್ಮನೆ ಕಾಲು ಚಾಚಿ ಕುಳಿತಿದ್ದೆ.

ಕರ್ನೂಲು, ನಂದಿಕೊಟ್ಕೂರು, ಆತ್ಮಕೂರು. ವೆಂಕಟಾಪುರದಲ್ಲಿ ಊರು ಮುಗಿಯಿತು, ನಲ್ಲಮಲ ಶುರುವಾಯಿತು. ಹುಲಿಗಳಿಗೆ ಮೀಸಲಾದ ಕಾಡು ಅದು. ಯಾತ್ರೆಯ ದಿನಗಳಲ್ಲಿ ಮಾತ್ರ ಅದು ಜನರಿಗೆ ದಾರಿ ಬಿಡುತ್ತದೆ. ನಾಗಲೂಟಿಯ ವೀರಭದ್ರನಿಗೆ ಕೈಮುಗಿದು ಒಳಹೊಕ್ಕರೆ ಎಲೆ ಉದುರಿಸಿ ನಿಂತ ತೇಗ, ಒಣಗಿದ ಬಿದಿರು, ಕಾದ ಕಲ್ಲು. ಹನ್ನೆರಡನೆಯ ಶತಮಾನದಲ್ಲಿ ಉಡುತಡಿಯ ಅಕ್ಕಮಹಾದೇವಿ ಎಲ್ಲ ಬಿಟ್ಟು ಹುಡುಕಿ ಬಂದದ್ದು ಈ ಬೆಟ್ಟವನ್ನೇ. ಪುಸ್ತಕದಲ್ಲಿ ಓದಿದ್ದು ಅಂಗಾಲಿಗೆ ತಾಕಿದಾಗ ಮೈ ಜುಮ್ಮೆಂದಿತು.

ಪೆಚ್ಚೆರುವಿನಲ್ಲಿ ಇರುಳು ತಂಗಿದೆವು. ಅಮಾವಾಸ್ಯೆ ಹತ್ತಿರ ಬಂದಿತ್ತು. ಚಾದರ ಹಾಸಿ ಮಲಗಿ ಮೇಲೆ ನೋಡಿದೆ. ಅಷ್ಟು ಚಿಕ್ಕೆಗಳನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಜೋಳ ತೂರುವ ಕಣದಂತೆ ಆಕಾಶದ ತುಂಬ ಕಾಳು. ದೂರದಲ್ಲಿ ಯಾರೋ ಮಲ್ಲಯ್ಯನ ಹಾಡು ಹೇಳುತ್ತಿದ್ದರು, ಕಂಬಿಯ ಗೆಜ್ಜೆ ಒಮ್ಮೊಮ್ಮೆ ಘಲ್ಲೆನ್ನುತ್ತಿತ್ತು. ಇದನ್ನು ಮಗಳು ನೋಡಬೇಕಿತ್ತು ಎಂದುಕೊಂಡೆ. ಅವಳ ಆಸ್ಪತ್ರೆಯ ಮುಖ ಬಿಟ್ಟು ಬೇರೆ ಮುಖ ನೆನಪಾದದ್ದು ಅಂದೇ ಮೊದಲು: ಅಂಗಳದಲ್ಲಿ ಅಂಗಾತ ಮಲಗಿ ಚಿಕ್ಕೆ ಎಣಿಸುತ್ತಿದ್ದ ಏಳು ವರ್ಷದವಳು.

ಮರುದಿನ ಭೀಮನಕೊಳ್ಳ. ಕಾಡು ಅಲ್ಲಿ ಒಮ್ಮೆಲೇ ಸೀಳಿಕೊಂಡಂತೆ ಕೆಳಗಿಳಿಯುತ್ತದೆ. ಇಳಿದಷ್ಟೇ ಕಡಿದಾಗಿ ಆಚೆ ಏರಬೇಕು. ಈ ಬೆಟ್ಟಕ್ಕೆ ಮೆಟ್ಟಿಲು ಕಟ್ಟಿಸಿದವನು ಹದಿನಾಲ್ಕನೆಯ ಶತಮಾನದ ಪ್ರೋಲಯ ವೇಮಾರೆಡ್ಡಿ. ನಡುವೆ ನನ್ನ ಮೊಣಕಾಲು ಸೋತು ಮೆಟ್ಟಿಲ ಮೇಲೆ ಕುಸಿದೆ. ಹಿಂದಿನಿಂದ ಯಾರದೋ ಅಂಗೈ ಬೆನ್ನಿಗೆ ಆತುಕೊಂಡಿತು. “ಏಳವಾ, ಏರು. ಮಗಳು ದಾರಿ ಕಾಯಾಕತ್ತಾಳ.”

ಆ ಹೆಂಗಸಿಗೆ ನಾನು ಯಾರೆಂದು ಗೊತ್ತಿಲ್ಲ. ಅವಳು ಹೇಳಿದ್ದು ಭ್ರಮರಾಂಬೆಯ ಮಾತು. ಆದರೆ ನನ್ನ ಗಂಟಲಲ್ಲಿ ಆಷಾಢದಿಂದ ನಿಂತಿದ್ದು ಒಡೆಯಿತು. ಬಾಯಿಬಿಟ್ಟು ಅತ್ತೆ. ಅಳಬೇಡ ಎಂದು ಯಾರೂ ಅನ್ನಲಿಲ್ಲ, ಯಾಕೆಂದು ಕೇಳಲೂ ಇಲ್ಲ. ಜನ ನನ್ನ ಪಕ್ಕದಿಂದ ಉಘೇ ಉಘೇ ಎನ್ನುತ್ತಾ ಏರುತ್ತಿದ್ದರು. ಮರಗಾಲು ಕಟ್ಟಿಕೊಂಡ ಹುಡುಗನೊಬ್ಬ ಆ ಮೆಟ್ಟಿಲುಗಳನ್ನೂ ಟಕ್ ಟಕ್ ಎಂದು ಹತ್ತಿಹೋದ. ಆಯಿ ನೀರಿನ ಬಾಟಲಿ ಕೈಗಿಟ್ಟು, ನನ್ನ ಅಳು ತಾನಾಗಿ ಮುಗಿಯುವವರೆಗೂ ಪಕ್ಕದಲ್ಲಿ ಕುಳಿತಿದ್ದಳು. ಆಮೇಲೆ ಎದ್ದೆ, ಕೈಲಾಸದ್ವಾರದವರೆಗೆ ಎಲ್ಲೂ ನಿಲ್ಲದೆ ಏರಿದೆ.

ಅಮ್ಮನವರ ಮುಂದೆ ಸರದಿ ಬಂದಾಗ ಸೀರೆ ತೆಗೆದೆ. ಹನ್ನೆರಡು ದಿನದ ಧೂಳಿನಲ್ಲೂ ಟೋಪಿ ತೆನಿ ಸೆರಗಿನ ಕೆಂಪು ರೇಷ್ಮೆ ಮಾಸಿರಲಿಲ್ಲ. ಅರ್ಚಕರು ಅದನ್ನು ತೆಗೆದುಕೊಂಡು ಉಳಿದ ಸೀರೆಗಳ ಮೇಲೆ ಇಟ್ಟರು. ಎಲ್ಲವೂ ನಮ್ಮ ಕಡೆಯವೇ. ನೂರು ತಾಯಂದಿರು ಒಬ್ಬಳೇ ಮಗಳಿಗೆ ತಂದವು.

ಹೊರಗೆ ಬಂದು ಆಯಿಯ ಕೈ ಹಿಡಿದೆ. “ಆಯಿ, ಸೀರಿ ತಂದೆ, ಖಣ ಮರತ ಬಿಟ್ಟೆ ನೋಡು.”

“ಮುಂದಿನ ವರ್ಷ ತಂದರಾತು,” ಎಂದಳು ಆಯಿ. “ಎಂಥಾದ್ದು ತರತೀದಿ?”

“ಗುಳೇದಗುಡ್ಡದ್ದು,” ಎಂದೆ. “ಹಸಿರಿಗೆ ಒಪ್ಪೂವಂಥಾದ್ದು.”