ದಂತದ ಬೂದಿ

ಕಳೆದ ವರ್ಷ ಮಗನ ಮನೆಯಲ್ಲಿ ಕೆಲವು ವಾರ ಇದ್ದು ಬರಲೆಂದು ನೈರೋಬಿಗೆ ಹೋಗಿದ್ದೆ. ಕೀನ್ಯಾದ ಆ ರಾಜಧಾನಿಯ ಅಂಚಿನಲ್ಲಿಯೇ 1946ರಲ್ಲಿ ಸ್ಥಾಪಿತವಾದ, 117 ಚದರ ಕಿಲೋಮೀಟರು ವಿಸ್ತಾರದ ರಾಷ್ಟ್ರೀಯ ಉದ್ಯಾನವಿದೆ. ಜಿರಾಫೆಯ ಹಿಂದೆಯೇ ನಗರದ ಎತ್ತರದ ಕಟ್ಟಡಗಳು ಕಾಣುತ್ತವೆ. ಸಿಂಹವನ್ನೂ ಕಂಡೆವು. ಆದರೆ ನಾನು ಹೇಳಹೊರಟಿರುವುದು ಅಲ್ಲಿಯ ಒಂದು ಬೂದಿಗುಡ್ಡೆಯ ಸಂಗತಿ.

1989ರ ಜುಲೈಯಲ್ಲಿ ಆಗಿನ ಅಧ್ಯಕ್ಷ ಡೇನಿಯಲ್ ಅರಪ್ ಮೋಯಿ ಅವರು 12 ಟನ್ ಆನೆದಂತಕ್ಕೆ ಇಲ್ಲಿ ಬೆಂಕಿಯಿಟ್ಟರು. 1970ರ ದಶಕದ ಆರಂಭದಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕಿದ್ದ ಆ ದೇಶದ ಆನೆಗಳು ಅಷ್ಟರಲ್ಲಿ ಸುಮಾರು 16 ಸಾವಿರಕ್ಕೆ ಇಳಿದಿದ್ದವು. ಮಾರಿದ್ದರೆ ಅಪಾರ ಹಣ ಬರುತ್ತಿತ್ತು. ಕೊಳ್ಳುವವರಿರುವ ತನಕ ಕೊಲ್ಲುವವರೂ ಇರುತ್ತಾರೆಂದು ಸುಟ್ಟರು. 2016ರ ಏಪ್ರಿಲ್‌ನಲ್ಲಿ ಇದೇ ಉದ್ಯಾನದಲ್ಲಿ ಮತ್ತೆ 105 ಟನ್ ದಂತವನ್ನು ದಹಿಸಲಾಯಿತು.

"ನಿಮ್ಮ ದೇಶದವರೂ ದಂತ ಕೊಳ್ಳುತ್ತಿದ್ದರಲ್ಲವೆ?" ಎಂದು ಜೊತೆಗಿದ್ದ ಮಾರ್ಗದರ್ಶಿ ಕೇಳಿದ.

"ನಮ್ಮ ಮನೆತನದವರಲ್ಲ. ನಾವು ಇರುವೆಯನ್ನೂ ತುಳಿಯದವರು" ಎಂದೆ. ಆ ಮಾತಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತೆಂದು ಒಪ್ಪಿಕೊಳ್ಳಬೇಕು.

ಗಾಡಿ ಮುಂದೆ ಸಾಗಿದ ಮೇಲೆ ನೆನಪಾಯಿತು. ಮೈಸೂರಿನ ನಮ್ಮ ಮನೆಯ ದೇವರ ಕೋಣೆಯಲ್ಲಿ ಬೀಟೆಮರದ ಒಂದು ಕರಡಿಗೆಯಿದೆ. ಮುಚ್ಚಳದ ಮೇಲೆ ದಂತದ ಚೂರುಗಳನ್ನು ಕೂರಿಸಿ ಬಿಡಿಸಿದ ಬಳ್ಳಿ. ಅಜ್ಜಿಯ ಮದುವೆಗೆ ಬಂದದ್ದು. ಮೂರು ತಲೆಮಾರಿನ ಹೆಂಗಸರು ಅದರಲ್ಲಿ ಜಪಸರವನ್ನಿಟ್ಟು, ಮುಂಜಾನೆ ತೆಗೆದು, ಣಮೋಕಾರ ಮಂತ್ರವನ್ನು ಜಪಿಸಿದ್ದೇವೆ. "ಅದು ಕಾಡಿನಲ್ಲಿ ತಾನಾಗಿ ಸತ್ತ ಆನೆಯದು" ಎಂದು ಅಜ್ಜಿ ಹೇಳುತ್ತಿದ್ದರು. ಅವರಿಗೆ ಯಾರು ಹೇಳಿದ್ದರೋ! ದಂತದ ಸುಮಾರು ಮೂರನೆಯ ಒಂದು ಪಾಲು ತಲೆಬುರುಡೆಯೊಳಗೆ ಹುದುಗಿರುತ್ತದೆ. ಅದನ್ನು ಬುಡಸಹಿತ ಪಡೆಯಲೆಂದೇ ಆನೆಯನ್ನು ಕೊಲ್ಲುವುದು. ನಮ್ಮ ದೇಶದ ಕುಶಲಕರ್ಮಿಗಳ ಕೈಗೆ ಬರುತ್ತಿದ್ದ ದಂತದಲ್ಲಿ ಬಹಳಷ್ಟು ಆಫ್ರಿಕದಿಂದಲೇ ಹಡಗೇರಿ ಬಂದದ್ದು. ಭಾರತದಲ್ಲಿ ಆ ವ್ಯಾಪಾರಕ್ಕೆ ಕಾಯಿದೆಯ ತಡೆ ಬಿದ್ದದ್ದು 1991ರಲ್ಲಿ.

ತಾನು ಮಾಡಿದ್ದು, ಮಾಡಿಸಿದ್ದು, ಮೆಚ್ಚಿದ್ದು, ಅಂದರೆ ಕೃತ, ಕಾರಿತ, ಅನುಮೋದಿತ, ಮೂರೂ ಹಿಂಸೆಯೇ ಎಂಬ ಪಾಠವನ್ನು ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿದ್ದೆ. ಆ ಬಳ್ಳಿಯ ಚೆಲುವನ್ನು ಮೆಚ್ಚಿದ ದಿನಗಳಿಗೆ ಲೆಕ್ಕವಿಲ್ಲ.

ಮರುದಿನ ಉದ್ಯಾನದ ಮಗ್ಗುಲಲ್ಲಿರುವ, ಅನಾಥ ಆನೆಮರಿಗಳನ್ನು ಸಲಹುವ ತಾಣಕ್ಕೆ ಹೋದೆವು. ಬೆಳೆದ ಮರಿಗಳನ್ನು ಮುಂದೆ ತ್ಸಾವೊ ಕಾಡಿನತ್ತ ಒಯ್ಯುತ್ತಾರೆ. ಸೀಸೆಯ ಹಾಲು ಮುಗಿದ ಮೇಲೂ ಒಂದು ಮರಿ ಪಾಲಕನ ಅಂಗಿಯನ್ನು ಸೊಂಡಿಲಿನಿಂದ ಹಿಡಿದೇ ಇತ್ತು. ಸೊಸೆ ಚಿತ್ರ ತೆಗೆದಳು. ನನಗೆ ಅದರ ಮುಂದೆ ಬಹಳ ಹೊತ್ತು ನಿಲ್ಲಲಾಗಲಿಲ್ಲ.

ಊರಿಗೆ ಮರಳಿದ ಮೇಲೆ ಜಪಸರವನ್ನು ಬಟ್ಟೆಯ ಚೀಲಕ್ಕೆ ಹಾಕಿದ್ದೇನೆ. ಕರಡಿಗೆಯನ್ನು ಸುಡಲು ಕೈ ಬರಲಿಲ್ಲ, ಯಾರಿಗೂ ಕೊಡಲು ಮನಸ್ಸೊಪ್ಪಲಿಲ್ಲ. ಅದು ಬರಿದಾಗಿ ಅಲ್ಲಿಯೇ ಇದೆ. ಕಣ್ಣು ಮಂಜಾಗಿರುವ ಅಮ್ಮ ಮುಂಜಾನೆ ಅದನ್ನು ತಡವಿ, "ಸರ ಎಲ್ಲಮ್ಮಾ?" ಎಂದು ಕೇಳುತ್ತಾರೆ. ಚೀಲವನ್ನು ಅವರ ಕೈಗಿಡುತ್ತೇನೆ. ಕಾರಣವನ್ನು ಇನ್ನೂ ಹೇಳಿಲ್ಲ.